ಅಂಗೈಯ ಕತ್ತಲು

ಊರಿಗೆಲ್ಲ ಅವನು ಅಂಗೈ. ಹೆತ್ತವರಿಟ್ಟ ಹೆಸರು ಕೆಲಸದ ಗುರುತಿನ ಚೀಟಿಯಲ್ಲಿ ಇತ್ತು, ಆದರೆ ಅದನ್ನು ಓದುವವರು ಯಾರೂ ಇರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಒಂದೇ ಟಾಕೀಸಿನಲ್ಲಿ ಆಪರೇಟರ್. ಮಹಡಿಯ ಮೇಲೆ ಸಣ್ಣ ಕ್ಯಾಬಿನ್ನು, ಗೋಡೆಯಲ್ಲಿ ಎರಡು ಕಿಂಡಿ. ಒಂದರಿಂದ ಬೆಳಕು ಹೋಗಬೇಕು, ಇನ್ನೊಂದರಿಂದ ಇವನು ನೋಡಬೇಕು. ರೀಲಿನ ಕಾಲದಲ್ಲಿ ಇವನಿಗೊಂದು ಚಟವಿತ್ತು. ಕೆಳಗೆ ಮಕ್ಕಳು ಕೂತಿದ್ದರೆ, ತೆರೆಯ ಮೇಲೆ ಯಾರಾದರೂ ಯಾರನ್ನಾದರೂ ಇರಿಯುವ ಹೊತ್ತಿಗೆ, ಇಲ್ಲವೇ ತಬ್ಬಿಕೊಳ್ಳುವ ಹೊತ್ತಿಗೆ, ಸರಿಯಾಗಿ ಎದ್ದು ಹೋಗಿ ಬೆಳಕಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ತೆರೆ ಕಪ್ಪಾಗುತ್ತಿತ್ತು. ದನಿ ಮಾತ್ರ ನಡೆಯುತ್ತಿತ್ತು. ದೊಡ್ಡವರು ಸಿಳ್ಳೆ ಹಾಕಿ, ಕುರ್ಚಿ ಬಡಿದು, ಕೈ ತೆಗಿಯೋ ಎಂದು ಕೂಗುತ್ತಿದ್ದರು. ಮಾಲೀಕರು ಕರೆಸಿ ಬೈದದ್ದೂ ಉಂಟು. ಜಪ್ಪಯ್ಯ ಎಂದರೂ ಇವನು ಕೇಳಲಿಲ್ಲ. ವರ್ಷಗಟ್ಟಲೆ ಆ ಬಿಸಿ ತಾಗಿ ಬಲ ಅಂಗೈಯ ನಡುವೆ ಒಂದು ಕಂದು ಕಲೆ ನಿಂತುಹೋಯಿತು.

ಇನ್ನೊಂದು ಚಟವನ್ನೂ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಹೊಸ ಚಿತ್ರ ಬಂದರೆ ಮೊದಲ ಆಟಕ್ಕೆ ಮುಂಚೆ, ಖಾಲಿ ಹಾಲಿನಲ್ಲಿ, ತಾನೊಬ್ಬನೇ ಓಡಿಸಿ ನೋಡಬೇಕು. ಎಲ್ಲೆಲ್ಲಿ ಕೈ ಹಿಡಿಯಬೇಕು ಎಂದು ಗುರುತು ಮಾಡಿಕೊಳ್ಳಬೇಕು. ಅದಕ್ಕೆ ಅವನು ಟ್ರಯಲ್ ಅನ್ನುತ್ತಿದ್ದ. ಮನೆಗೆ ಒಂದು ಬಲ್ಬು ತಂದರೂ ಟ್ರಯಲ್, ಕೊಡೆ ತಂದರೂ ಟ್ರಯಲ್. ಮದುವೆಗೆ ಮುಂಚೆ ನನ್ನನ್ನೊಬ್ಬಳನ್ನೇ ಟ್ರಯಲ್ ನೋಡದೆ ತಂದದ್ದು ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಅಂಚೆ ಕಚೇರಿಯಲ್ಲಿ ಕೂರುವ ಹೆಂಗಸು, ಆ ಕಾಲದಲ್ಲಿ ಮುಂದಿನ ಸಾಲಿನಲ್ಲಿ ಕೂತು ಸಿನಿಮಾ ನೋಡಿದ ಮಕ್ಕಳಲ್ಲಿ ಒಬ್ಬಳು, ಒಮ್ಮೆ ಅವನಿಗೆ ರಸೀದಿ ಹರಿದುಕೊಡುತ್ತಾ ಹೇಳಿದ್ದಳು. "ನೀವು ಕೈ ಹಿಡಿದಾಗ ಕತ್ತಲಲ್ಲಿ ಬರೀ ಕಿರುಚಾಟ ಕೇಳ್ತಿತ್ತು. ಆಗ ನಾನು ಕಂಡಿದ್ದು ಯಾವ ಸಿನಿಮಾದಲ್ಲೂ ಇರಲಿಲ್ಲ ಬಿಡಿ." ಅಂಗೈ ಅದನ್ನು ಹೊಗಳಿಕೆ ಎಂದುಕೊಂಡು ನಗುನಗುತ್ತಾ ಮನೆಗೆ ಬಂದ. ಪುಣ್ಯಾತ್ಮ.

ಆಮೇಲೆ ರೀಲು ಹೋಯಿತು, ಕಬ್ಬಿಣದ ಪೆಟ್ಟಿಗೆ ಬಂತು. ಗುಂಡಿ ಒತ್ತಿದರೆ ಸಿನಿಮಾ ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ. ಕೈಗೆ ಕೆಲಸವಿಲ್ಲ. ಅದೇ ವರ್ಷ ಮಗಳಿಗೆ ಹದಿನಾಲ್ಕು ತುಂಬಿ, ಅವಳ ಚಿಕ್ಕಮ್ಮ ತಾನು ಬಳಸಿ ಬಿಟ್ಟ ಫೋನನ್ನು ಅವಳಿಗೆ ಕೊಟ್ಟಳು. ಶಾಲೆಯವರು ಪಾಠಗಳನ್ನೆಲ್ಲ ಅದರಲ್ಲೇ ಕಳಿಸುತ್ತಾರಂತೆ, ಬೇಡ ಅನ್ನುವ ಹಾಗಿಲ್ಲ. ಮಗಳನ್ನು ಮನೆಯಲ್ಲಿ ಕರೆಯುವುದು ಪುಟ್ಟಿ ಎಂದು. ಪುಟ್ಟಿ ಆ ಪುಟ್ಟ ಗಾಜಿನ ಮೇಲೆ ಬಗ್ಗಿ ಕೂತಾಗೆಲ್ಲ ಅಂಗೈ ಮಾಡುತ್ತಿದ್ದ ಕೆಲಸ ಬಿಟ್ಟು ಅವಳ ಹಿಂದೆ ಬಂದು ನಿಲ್ಲುತ್ತಿದ್ದ. ಆ ಬೆಳಕು ಎಲ್ಲಿಂದ ಬರುತ್ತದೆ, ಕೈ ಎಲ್ಲಿ ಹಿಡಿಯಬೇಕು, ಒಂದೂ ತಿಳಿಯದು.

ದಾರಿ ತೋರಿಸಿದವನು ಟಿಕೆಟ್ ಕೌಂಟರಿನವನು. ಅವನಿಗೂ ಇಬ್ಬರು ಮಕ್ಕಳು. "ಮಕ್ಕಳು ನಮ್ಮವು. ಏನು ನೋಡ್ಬೇಕು, ಏನು ನೋಡ್ಬಾರ್ದು ಅಂತ ನಾವಲ್ಲದೆ ಇನ್ಯಾರು ಹೇಳ್ಬೇಕು?" ಎಂದು ಹೇಳಿ, ತನ್ನ ಫೋನಿನಲ್ಲಿದ್ದ ಕಾವಲಿನ ಆಪ್ ತೋರಿಸಿದ. ಮಗುವಿನ ಫೋನಿನಲ್ಲಿ ಅದನ್ನು ಕೂರಿಸಿದರೆ ಆಯಿತು. ಮಗು ಯಾವ ವಿಡಿಯೋ ಮುಟ್ಟಿದರೂ ಅದು ತೆರೆಯುವ ಮೊದಲು ದೊಡ್ಡವರ ಫೋನಿಗೆ ಟಣ್ ಎಂದು ಸುದ್ದಿ ಬರುತ್ತದೆ. ದೊಡ್ಡವರು ಪೂರ್ತಿ ನೋಡಬಹುದು. ಸರಿ ಕಂಡರೆ ಬಿಡಿ, ಇಲ್ಲದಿದ್ದರೆ ಬೇಡ; ಎರಡೇ ಗುಂಡಿ. ಅಂಗೈಗೆ ಹೋದ ಜೀವ ಬಂದ ಹಾಗಾಯಿತು.

ರಜೆಯ ದಿನ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಕೆಲಸ ನಡೆಯಿತು. ಟ್ರಯಲ್ ಇಲ್ಲದೆ ಆದೀತೇ? ಮೊದಲು ತನ್ನ ಫೋನಿನಲ್ಲೇ ಮಗುವಿನದು, ದೊಡ್ಡವರದು ಎರಡೂ ವೇಷ ತಾನೇ ಹಾಕಿ ನೋಡಿದ. ಮಗುವಿನ ಹೆಸರು ಎಂದು ಕೇಳಿತು, ಪುಟ್ಟಿ ಎಂದು ಬರೆದ. ತಾನೇ ಒಂದು ವಿಡಿಯೋ ಮುಟ್ಟಿದ, ಟಣ್ ಎಂದಿತು, ತಾನೇ ಬಿಡಿ ಎಂದು ಒತ್ತಿದ. ಚೊಕ್ಕ ಕೆಲಸ. ಆಮೇಲೆ ಮಗಳ ಫೋನಿಗೂ ಅದನ್ನೇ ಹಾಕಿ, ಅದೇ ಹೆಸರು ಬರೆದು, ಅವಳನ್ನು ಕರೆದು ಹೇಳಿದ: ಇನ್ನು ಮೇಲೆ ಮೊದಲು ನಾನು ನೋಡುತ್ತೇನೆ, ಆಮೇಲೆ ನೀನು. ಎಲ್ಲವನ್ನೂವಾ ಎಂದು ಪುಟ್ಟಿ ಕೇಳಿದಳು. ಎಲ್ಲವನ್ನೂ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು, ಡ್ಯೂಟಿಗೆ ಹೊರಟು ನಿಂತಿದ್ದಳು. "ಅಲ್ಲ ರೀ, ನಮ್ಮ ಪುಟ್ಟಿ ಏನು ಕಳ್ಳಿನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೊದಲ ದಿನ ಬಂದದ್ದು ನಾಲ್ಕೆಳೆ ಜಡೆ ಹೆಣೆಯುವ ವಿಡಿಯೋ. ಬಿಟ್ಟ. ಮಾರನೆಯ ದಿನ ಕಪ್ಪೆಯ ಹೊಟ್ಟೆ ಸೀಳಿ ಹೃದಯ ತೋರಿಸುವ ಪಾಠ. ರಕ್ತ ಕಂಡಿತು, ಬೇಡ. ಅವಳು ಬಂದು, ಅದು ಶಾಲೆಯದು ಅಪ್ಪ, ನಾಳೆ ಟೀಚರ್ ಕೇಳುತ್ತಾರೆ ಎಂದಳು. ಪುಸ್ತಕದಲ್ಲಿ ಚಿತ್ರ ಇಲ್ಲವಾ ಎಂದ ಇವನು. ಅವಳು ತಿರುಗಿ ಹೋದಳು. ಅದಾದ ಮೇಲೆ ಎರಡು ದಿನ ಏನೂ ಬರಲಿಲ್ಲ.

ಮೂರನೆಯ ದಿನ, ಮ್ಯಾಟಿನಿ ಓಡುತ್ತಿತ್ತು. ಕೆಳಗೆ ಏಳು ಜನ ಇದ್ದರು, ಅದರಲ್ಲಿ ಇಬ್ಬರು ಮಲಗಿದ್ದರು. ಹೊತ್ತು ಹೋಗದೆ ಅಂಗೈ ಆ ಜಡೆಯ ವಿಡಿಯೋವನ್ನೇ ಇನ್ನೊಮ್ಮೆ ಹಾಕಿ ನೋಡಿದ. ಅದು ಮುಗಿಯಿತು, ಟಣ್ ಎಂದಿತು. ಪುಟ್ಟಿ ಇದನ್ನು ನೋಡಲು ಕೇಳುತ್ತಿದ್ದಾಳೆ: ನಿಮ್ಮ ಕೂದಲು ನೀವೇ ಕತ್ತರಿಸಿಕೊಳ್ಳುವುದು ಹೇಗೆ.

ಶಾಲೆಯ ಹೊತ್ತಿನಲ್ಲಿ! ಫೋನನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗಿದ್ದಾಳೆ ಎಂದು ಅವನಿಗೆ ಮೈ ಉರಿಯಿತು. ಆದರೆ ಪೂರ್ತಿ ನೋಡದೆ ಬೇಡ ಎನ್ನುವುದು ಅವನ ನ್ಯಾಯಕ್ಕೆ ಒಪ್ಪದು. ನೋಡಿದ. ಕೊನೆಗೆ ಬೇಡ ಒತ್ತುವುದರೊಳಗೆ ಇನ್ನೊಂದು ಟಣ್. ಈ ಸಲ ಮೋಟುಗೂದಲಿನ ಹುಡುಗಿಯೊಬ್ಬಳು ನೇರವಾಗಿ ಕಣ್ಣಿಗೆ ಕಣ್ಣಿಟ್ಟು, ನಾನು ಮನೆ ಬಿಟ್ಟ ದಿನ ಮೊದಲು ಮಾಡಿದ್ದು ಕೂದಲು ಕತ್ತರಿಸಿದ್ದು ಎಂದು ಹೇಳುತ್ತಿದ್ದಳು. ಅದನ್ನೂ ಪೂರ್ತಿ ನೋಡಿದ. ಟಣ್. ಸಣ್ಣ ಚೀಲದಲ್ಲಿ ಏನೇನು ಹಿಡಿಸುತ್ತದೆ. ಟಣ್. ಕಿರುಗುಡುವ ಬಾಗಿಲಿಗೆ ಎರಡು ಹನಿ ಎಣ್ಣೆ. ಒಂದು ನೋಡಿ ಮುಗಿಸುವಷ್ಟೂ ತಾಳ್ಮೆ ಇಲ್ಲವಲ್ಲ ಈ ಹುಡುಗಿಗೆ, ಇಷ್ಟು ಅವಸರವೇ ಎಂದುಕೊಂಡ. ಮಗಳು ಮನೆ ಬಿಟ್ಟು ಹೋಗಲು ತಯಾರಾಗುತ್ತಿದ್ದಾಳೆ.

ಈ ಮಾತನ್ನು ಅವನು ಹೆಂಡತಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಕೆಟ್ಟದ್ದು ಕಂಡರೆ ಉಳಿದವರಿಗೆ ಕಾಣದ ಹಾಗೆ ಅಡ್ಡ ನಿಲ್ಲುವುದು ಬಿಟ್ಟು ಬೇರೇನೂ ಅವನಿಗೆ ಗೊತ್ತಿರಲಿಲ್ಲ. ಮಗಳನ್ನು ಮಾತ್ರ ಒಂದು ಸಂಜೆ ಸುತ್ತುಬಳಸಿ, ಎಲ್ಲಿಗಾದರೂ ಹೋಗುವ ಯೋಚನೆ ಇದೆಯಾ ಎಂದು ಕೇಳಿದ. ಎಲ್ಲಿಗೆ ಎಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದೇ ಅವನನ್ನು ಹೆದರಿಸಿತು.

ಬೇಡ ಒತ್ತಿದಷ್ಟೂ ಬರುವುದು ಹೆಚ್ಚಾಯಿತು. ಕಾಣೆಯಾದ ಹುಡುಗಿಯರ ಭಿತ್ತಿಪತ್ರಗಳು ಬಂದವು; ಆಮೇಲೆ ಅವರ ತಾಯಂದಿರು ಬಂದರು; ಆಮೇಲೆ ಕೋಣೆಗಳು. ಯಾರೋ ಒಬ್ಬರು ಕ್ಯಾಮೆರಾ ಹಿಡಿದು, ಮನೆ ಬಿಟ್ಟು ಹೋದ ಹುಡುಗಿಯರ ಕೋಣೆಗಳ ಒಳಗೆ ನಿಧಾನವಾಗಿ ನಡೆಯುತ್ತಿದ್ದರು. ಮಾತಿಲ್ಲ. ಹಿಡಿದವರ ಉಸಿರು ಮಾತ್ರ ಕೇಳಿಸುತ್ತಿತ್ತು. ಒಂದು ಮಂಚ, ಒಂದು ಮೇಜು, ಹಾಸಿಗೆಯಲ್ಲಿ ಯಾರೋ ಈಗಷ್ಟೇ ಎದ್ದು ಹೋದ ತಗ್ಗು. ಐದನೆಯ ಕೋಣೆಯ ಕಿಟಕಿಗೆ ನೀಲಿ ಪರದೆ ಇತ್ತು, ಅದರ ಮೇಲೆ ಬಿಳಿ ಚುಕ್ಕಿ. ಪುಟ್ಟಿಯ ಕೋಣೆಯಲ್ಲೂ ಅದೇ. ಅಂಥ ಪರದೆ ಸಾವಿರಾರು ಮನೆಗಳಲ್ಲಿ ಇರುತ್ತದೆ ಎಂದು ಅವನಿಗೂ ಗೊತ್ತು. ಆದರೂ ಅವತ್ತು ಆಟ ಮುಗಿದು, ಇದ್ದವರೆಲ್ಲ ಎದ್ದು ಹೋಗಿ, ಹಾಲಿನ ದೀಪ ಹತ್ತಿಸಿ ಕಿಂಡಿಯಿಂದ ಕೆಳಗೆ ನೋಡಿದಾಗ, ಮಡಚಿಕೊಳ್ಳದೆ ತೆರೆದೇ ಉಳಿದಿದ್ದ ಒಂದು ಕುರ್ಚಿ ಕಂಡು, ಅವಸರದಲ್ಲಿ ಇಳಿದು ಹೋಗಿ ಅದನ್ನು ಮಡಚಿ ಬಂದ.

ಮನೆಗೆ ಬಂದರೆ ಪುಟ್ಟಿ ಕನ್ನಡಿಯ ಮುಂದೆ ನಿಂತಿದ್ದಳು. ಕೂದಲು ಕಿವಿಯವರೆಗೆ ಕತ್ತರಿಸಿತ್ತು.

ಅವನು ನೇರ ಒಳಗೆ ಹೋದ. ಅವಳ ಕೋಣೆಯ ಬಾಗಿಲನ್ನು ಮೆಲ್ಲಗೆ ತಳ್ಳಿ ನೋಡಿದ. ವರ್ಷಗಳಿಂದ ಕಿರ್ ಎನ್ನುತ್ತಿದ್ದ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

ಮಾರನೆಯ ದಿನ ಅವಳು ಶಾಲೆಗೆ ಹೋದ ಮೇಲೆ ಸ್ಕ್ರೂಡ್ರೈವರ್ ತಗೊಂಡು ಒಳಗಿನ ಚಿಲಕವನ್ನು ಬಿಚ್ಚಿ ತೆಗೆದ. ನಾಲ್ಕು ತೂತು ಉಳಿದವು. ಅಂದಿನಿಂದ ಬೆಳಿಗ್ಗೆ ಅವಳು ಹೊರಟರೆ ನೂರು ಹೆಜ್ಜೆ ಬಿಟ್ಟು ಇವನೂ ಹೊರಡುತ್ತಿದ್ದ. ಶಾಲೆಯ ಗೇಟಿನ ಎದುರು, ಬಸ್ ನಿಲ್ದಾಣದ ಕಂಬದ ಮರೆಯಲ್ಲಿ, ಗಂಟೆ ಬಾರಿಸುವವರೆಗೆ ನಿಲ್ಲುತ್ತಿದ್ದ. ಕಂಬಕ್ಕಿಂತ ಇವನೇ ದಪ್ಪ. ಇಡೀ ಶಾಲೆ ನೋಡಿತು. ಗೆಳತಿಯರು ಏನಂದರೋ, ಪುಟ್ಟಿ ಒಬ್ಬಳೇ ನಡೆಯತೊಡಗಿದಳು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಊಹೂಂ. ಬಟ್ಟೆ ಬದಲಿಸುವಾಗ ಬಾಗಿಲಿಗೆ ಕುರ್ಚಿ ಎಳೆದು ಅಡ್ಡ ಇಡುತ್ತಿದ್ದಳು. ಮನೆ ಬಿಟ್ಟ ಹುಡುಗಿಯರು ಹೋಗುವ ಮುಂಚೆ ಹೀಗೇ ಮೌನವಾಗುತ್ತಾರೆ ಎಂದು ಒಬ್ಬ ತಾಯಿ ವಿಡಿಯೋದಲ್ಲಿ ಅತ್ತಿದ್ದಳು. ಒಂದೊಂದೂ ತಾಳೆಯಾಗುತ್ತಿತ್ತು. ಅಂಗೈ ಸೊರಗತೊಡಗಿದ.

ಟಾಕೀಸಿನ ತೆರೆ ತೊಳೆಯುವುದಕ್ಕೆ ಎಂದು ಒಂದು ದಿನ ಆಟ ನಿಲ್ಲಿಸಿದ್ದರು. ಶಾಲೆಗೂ ರಜೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಂಗೈ ಮುಂದಿನ ಕೋಣೆಯಲ್ಲಿ ಕೂತು ಐದನೆಯ ಕೋಣೆಯನ್ನು ಎಷ್ಟನೆಯದೋ ಸಲ ನೋಡುತ್ತಿದ್ದ. ಮುಗಿಯಿತು. ಟಣ್. ಪುಟ್ಟಿ ಇದನ್ನು ನೋಡಲು ಕೇಳುತ್ತಿದ್ದಾಳೆ. ಈ ಸಲದ ಚಿತ್ರ ಬರೀ ಒಂದು ಬಾಗಿಲು. ಒಳಗಿನಿಂದ ಯಾರೋ ಒಂದು ಬೆರಳಷ್ಟು ತೆರೆದಿದ್ದರು.

ಅವನು ಎದ್ದು ಹೋಗಿ ಮಗಳ ಬಾಗಿಲು ತಳ್ಳಿದ. ಪುಟ್ಟಿ ನೆಲದ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಸ್ಕೇಲು.

"ಫೋನ್ ಕೊಡು."

"ಯಾವ ಫೋನು?"

ನಾಟಕ ಆಡಬೇಡ ಎಂದು ಅವನು ಗದರಿದ. ಅವಳು ಎದ್ದು ಅಮ್ಮನ ಕೋಣೆಗೆ ಹೋಗಿ, ಬೀರುವಿನಲ್ಲಿ ಮಡಿಸಿಟ್ಟ ಕಂಬಳಿಗಳ ಅಡಿಯಿಂದ ಫೋನು ತೆಗೆದು ತಂದು ಅವನ ಎಡಗೈಗೆ ಕೊಟ್ಟಳು. ತಣ್ಣಗೆ ಕೊರೆಯುತ್ತಿತ್ತು. ಒತ್ತಿದ, ಬೆಳಕು ಬರಲಿಲ್ಲ. ಮತ್ತೆ ಒತ್ತಿದ.

"ಚಾರ್ಜ್ ಇಲ್ಲದೆ ಸತ್ತು ಹೋಗಿದೆ ಅಪ್ಪ. ನೀನು ಕಪ್ಪೆದು ಬೇಡ ಅಂದ್ಯಲ್ಲ, ಅವತ್ತೇ ಅಮ್ಮನ ಕೈಗೆ ಕೊಟ್ಬಿಟ್ಟೆ. ಇಪ್ಪತ್ತೆರಡು ದಿನ ಆಯ್ತು."

ಅವನ ಬಲಗೈಯಲ್ಲಿ ಟಣ್ ಎಂದಿತು.

ಇಬ್ಬರೂ ನೋಡಿದರು. ಪುಟ್ಟಿ ಇದನ್ನು ನೋಡಲು ಕೇಳುತ್ತಿದ್ದಾಳೆ. ಎಡಗೈಯಲ್ಲಿ ಸತ್ತ ಫೋನು, ಎದುರಿಗೆ ಬರಿಗೈಯಲ್ಲಿ ನಿಂತ ಮಗಳು. ಹಾಗಾದರೆ ಇಷ್ಟು ದಿನದಿಂದ ಕೇಳುತ್ತಿರುವ ಪುಟ್ಟಿ ಯಾರು? ಒಂದು ಗಳಿಗೆ ಅವನು ಎದುರಿಗಿದ್ದವಳನ್ನೇ ಅನುಮಾನದಿಂದ ನೋಡಿದ. ಮೋಟುಗೂದಲು, ಮಾತಿಲ್ಲದ ಬಾಯಿ, ಇವಳು ನನ್ನ ಮಗಳು ಹೌದೋ ಅಲ್ಲವೋ ಎಂದು. ಆ ನೋಟವನ್ನು ಅವಳು ಕಂಡಳು. ಒಂದು ಹೆಜ್ಜೆ ಹಿಂದೆ ಸರಿದಳು.

ಆಮೇಲೆ ಕೈ ಚಾಚಿ ಅವನ ಫೋನು ತೆಗೆದುಕೊಂಡಳು. ಎಲ್ಲೆಲ್ಲೋ ಒತ್ತಿ, ಹುಡುಕಿ, ಓದಿ, ತಿರುಗಿಸಿ ಅವನಿಗೆ ಹಿಡಿದಳು. ಕಾವಲಿನ ಆಪ್‌ನಲ್ಲಿ ಮಕ್ಕಳ ಪಟ್ಟಿ ಇತ್ತು. ಎರಡು ಪುಟ್ಟಿ. ಒಂದು ಅವಳ ಫೋನು, ಕೊನೆಯ ಸಲ ಕೇಳಿದ್ದು ಇಪ್ಪತ್ತೆರಡು ದಿನದ ಹಿಂದೆ, ಕಪ್ಪೆ. ಇನ್ನೊಂದು ಪುಟ್ಟಿಯ ಮುಂದೆ ಬರೆದಿತ್ತು: ಈ ಫೋನು.

"ನಿನ್ನ ಫೋನಲ್ಲೇ ಟ್ರಯಲ್ ನೋಡಿದ್ಯಾ?"

ನೋಡಿದ್ದ. ನೋಡಿ, ತೆಗೆಯುವುದನ್ನು ಮರೆತಿದ್ದ. ಅವನು ಒಂದು ವಿಡಿಯೋ ಮುಗಿಸಿದೊಡನೆ ಫೋನು ಅದರಂಥದೇ ಇನ್ನೊಂದನ್ನು ತಾನಾಗಿಯೇ ಶುರು ಮಾಡುತ್ತಿತ್ತು. ಅದನ್ನು ಆಪ್ ತಡೆದು, ಪುಟ್ಟಿ ಕೇಳುತ್ತಿದ್ದಾಳೆ ಎಂದು ಅವನಿಗೇ ಹೇಳುತ್ತಿತ್ತು. ಅವನು ನೋಡಿದಷ್ಟೂ ಮುಂದಿನದು. ಒಂದು ಮೆಟ್ಟಿಲಿಗಿಂತ ಇನ್ನೊಂದು ಕೆಳಗೆ. ಜಡೆಯಿಂದ ಆ ಖಾಲಿ ಮಂಚದವರೆಗೆ ಅವನೇ ತನ್ನ ಕೈ ಹಿಡಿದು ನಡೆಸಿಕೊಂಡು ಹೋಗಿದ್ದ.

ಪುಟ್ಟಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ನೂರ ಎಪ್ಪತ್ತಮೂರು ಇದ್ದವು. ಓದುತ್ತಾ ಓದುತ್ತಾ ಅವಳ ತುಟಿ ನಿಂತುಹೋಯಿತು.

"ಇದೆಲ್ಲ ನಾನು ನೋಡೋಕೆ ಕೇಳ್ತಿದೀನಿ ಅಂದ್ಕೊಂಡಿದ್ಯಾ?"

ಭಯ ಆಯಿತು ಎಂದ ಅಂಗೈ. ಅವಳು ಫೋನನ್ನು ಅವನ ಕೈಗೆ ಕೊಟ್ಟು, ಲೆಕ್ಕದ ಪುಸ್ತಕ ಎತ್ತಿಕೊಂಡು ಅಮ್ಮನ ಕೋಣೆಗೆ ಹೋದಳು.

ಹೆಂಡತಿ ಬಂದವಳು ಎಲ್ಲ ಕೇಳಿ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ತಲೆತುಂಬ ಹೇನಾಗಿತ್ತು ರೀ, ಕೂದಲು ಕತ್ತರಿಸಿದ್ದು ನಾನೇ; ಬಾಗಿಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟಿದ್ದೂ ನಾನೇ, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದರೆ ಆ ಕಿರ್ ಬಿಡುತ್ತಿರಲಿಲ್ಲ ಎಂದಳು. ಆಮೇಲೆ ಅವಳ ಕಣ್ಣು ಮಗಳ ಬಾಗಿಲಿನ ನಾಲ್ಕು ತೂತುಗಳ ಮೇಲೆ ಬಿತ್ತು. ಚಿಲಕ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೀರಿ ಅಂದುಕೊಂಡಿದ್ದೆನಲ್ಲ ಎಂದಳು. ನಗು ಅಲ್ಲಿಗೆ ನಿಂತಿತು.

ಬೆಳಿಗ್ಗೆ ಅಂಗೈ ಚಿಲಕವನ್ನು ಮತ್ತೆ ಕೂರಿಸಿದ. ತೂತು ಸಡಿಲವಾಗಿ ಸ್ಕ್ರೂ ನಿಲ್ಲಲಿಲ್ಲ. ಬೆಂಕಿಕಡ್ಡಿ ಮುರಿದು ಒಳಗೆ ತುರುಕಿ ಬಿಗಿದ. ತನ್ನ ಫೋನಿನಿಂದ ಟ್ರಯಲಿನ ಪುಟ್ಟಿಯನ್ನು ಅಳಿಸಿದ. ನಿನ್ನ ಫೋನಿನಿಂದಲೂ ತೆಗೆದುಬಿಡಲಾ ಎಂದು ಮಗಳನ್ನು ಕೇಳಿದ. ಅವಳು ಸ್ವಲ್ಪ ಯೋಚಿಸಿ, ಇರಲಿ ಬಿಡು ಎಂದಳು. ಆ ಮಾತಿನ ಅರ್ಥ ಅವನಿಗೆ ಆಗಲಿಲ್ಲ.

ಮೂರು ದಿನ ಫೋನು ಮಾತಾಡಲಿಲ್ಲ. ಬೆಳಿಗ್ಗೆ ಅವಳು ಹೊರಟಾಗ ಅವನು ಹೊಸ್ತಿಲಲ್ಲೇ ನಿಲ್ಲುತ್ತಿದ್ದ. ಕಾಲು ತಾನಾಗಿ ಹೊರಡುತ್ತಿತ್ತು, ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದ. ನಾಲ್ಕನೆಯ ದಿನ ಸಂಜೆ, ಅವನು ಚಹಾ ಸೋಸುತ್ತಿದ್ದಾಗ, ಟಣ್ ಎಂದಿತು.

ಪುಟ್ಟಿ ಇದನ್ನು ನೋಡಲು ಕೇಳುತ್ತಿದ್ದಾಳೆ. ನೀಲಿ ಪರದೆ, ಬಿಳಿ ಚುಕ್ಕಿ. ಐದನೆಯ ಕೋಣೆ.

ಪಟ್ಟಿ ತೆರೆದು ನೋಡಿದ. ಒಂದೇ ಪುಟ್ಟಿ. ಈ ಸಲ ಕೇಳುತ್ತಿರುವವಳು ಅವಳೇ, ಗೋಡೆಯ ಆಚೆ ಕೂತಿರುವವಳು. ಅವನ ಹೆಬ್ಬೆರಳು ಬೇಡ ಎನ್ನುವುದರ ಮೇಲೆ ಹೋಗಿ ನಿಂತಿತು, ಒತ್ತಲಿಲ್ಲ. ಹೋಗಿ ಅವಳ ಬಾಗಿಲು ತಟ್ಟಿದ. ಹದಿನಾಲ್ಕು ವರ್ಷದಲ್ಲಿ ಆ ಬಾಗಿಲನ್ನು ತಟ್ಟಿದ್ದು ಅದೇ ಮೊದಲು.

"ಯಾರು?"

"ನಾನು. ಅಪ್ಪ."

ಚಿಲಕ ಸರಿಯಿತು. ಅವಳು ಮಂಚದ ಮೇಲೆ ಹೋಗಿ ಕೂತಳು. ಇದನ್ನು ಯಾಕೆ ಕೇಳಿದೆ ಮಗಳೇ ಎಂದ.

"ಇಪ್ಪತ್ತೆರಡು ದಿನ ನೀನು ಏನು ನೋಡ್ತಿದ್ದೆ ಅಂತ ನಾನೂ ನೋಡ್ಬೇಕು."

ಅವನು ಬಿಡಿ ಎಂದು ಒತ್ತಿ, ಅವಳ ಪಕ್ಕ ಕೂತ. ಪುಟ್ಟ ಗಾಜಿನಲ್ಲಿ ಆ ಕೋಣೆ ತೆರೆದುಕೊಂಡಿತು. ಅದೇ ಉಸಿರು. ಮೇಜು, ಪರದೆ, ಮಂಚ. ಪುಟ್ಟಿ ರೆಪ್ಪೆ ಬಡಿಯದೆ ನೋಡಿದಳು.

"ಇದರಲ್ಲಿ ನಾನು ಎಲ್ಲಿದ್ದೆ ಅಪ್ಪ?"

ಅವನು ಫೋನಿನ ಕಡೆ ಬಗ್ಗಿದ. ಆಮೇಲೆ ಹಾಸಿಗೆಯಲ್ಲಿದ್ದ ತಗ್ಗಿನ ಮೇಲೆ ಬೆರಳಿಟ್ಟು ತೋರಿಸಿದ.

ಉಸಿರು ಬಿಟ್ಟದ್ದು ಕೇಳಿಸಿತು, ಅವಳದೋ, ಫೋನಿನೊಳಗಿನದೋ. ಕ್ಯಾಮೆರಾ ಮಂಚದ ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ, ಆ ತಗ್ಗಿನ ಮೇಲೆ ಬಗ್ಗಿತು. ಅಂಗೈಯ ಬಲಗೈ ಅವನಿಗೆ ಗೊತ್ತಿಲ್ಲದೆಯೇ ಎದ್ದು ಬೆಳಕಿಗೆ ಅಡ್ಡ ಬಂತು. ಪುಟ್ಟಿ ಆ ಕೈಯ ಮಣಿಕಟ್ಟು ಹಿಡಿದು, ಮೆಲ್ಲಗೆ ಇಳಿಸಿ, ಅವನ ತೊಡೆಯ ಮೇಲೆ ಇಟ್ಟಳು. ವಿಡಿಯೋ ಮುಗಿಯುವವರೆಗೂ ಬಿಡಲಿಲ್ಲ.

"ಈಗ ಹೋಗು ಅಪ್ಪ. ಓದ್ಕೋಬೇಕು."

ಅವನು ಹೊರಗೆ ಬಂದ. ಹಿಂದೆ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಹೊಸ್ತಿಲಾಚೆ ನಿಂತು ಕೇಳಿಸಿಕೊಂಡ. ಒಂದು ಪುಟ ಮಗುಚಿದ ಸದ್ದು. ಇನ್ನೊಂದು. ಆಮೇಲೆ ಏನೂ ಇಲ್ಲ. ಕಣ್ಣೆದುರು ಬರೀ ಬಾಗಿಲು, ಅದರ ಮೇಲೆ ಕಾಣುವಂಥದ್ದು ಏನೂ ಇರಲಿಲ್ಲ. ಆದರೂ ಒಂದೊಂದಾಗಿ ಎಲ್ಲ ಕಾಣತೊಡಗಿತು, ಖಾಲಿ ಮಂಚ, ತೆರೆದ ಕಿಟಕಿ, ಅಲುಗಾಡುವ ನೀಲಿ ಪರದೆ. ಅಂಚೆ ಕಚೇರಿಯ ಹೆಂಗಸು ಆ ದಿನ ನಗುತ್ತಾ ಹೇಳಿರಲಿಲ್ಲ ಎಂದು ಅವನಿಗೆ ಈಗ ನೆನಪಾಯಿತು. ತಟ್ಟಲು ಕೈ ಎತ್ತಿದ. ಎತ್ತಿದ ಕೈಯನ್ನು ಎಡಗೈಯಿಂದ ಹಿಡಿದುಕೊಂಡು, ಒಳಗಿನಿಂದ ಮತ್ತೊಂದು ಪುಟ ಮಗುಚುವ ಸದ್ದಿಗಾಗಿ ಕಾಯುತ್ತಾ ನಿಂತ.